ತೊಳೆದ ಹಾಲಿನ ಕವರು

ಕಸದ ಅಂಗಳದ ಮೂಲೆಯಲ್ಲಿ ತೊಂಡೆಬಳ್ಳಿ ಹಬ್ಬಿಸಿಕೊಂಡು ನಿಂತಿದ್ದ ಆ ಯಂತ್ರಕ್ಕೆ ಪೌರಕಾರ್ಮಿಕರು ಇಟ್ಟ ಹೆಸರು ‘ಯಶೋದಮ್ಮನ ಮಿಷಿನ್ನು’. ಎದುರಿಗೆ ಯಾರೂ ಹಾಗೆನ್ನುತ್ತಿರಲಿಲ್ಲ. ಆದರೆ ಇಂಥ ಹೆಸರುಗಳು ಹೇಗೋ ಸುತ್ತಿ ಬಳಸಿ ಕೇಳಬಾರದವರ ಕಿವಿಗೇ ಬಂದು ಬೀಳುತ್ತವೆ. ನಗರಸಭೆಯ ಪರಿಸರ ಇಂಜಿನಿಯರ್ ಯಶೋದ ಕೇಳಿಯೂ ಕೇಳದವಳಂತೆ ಮೂರು ವರ್ಷ ತಳ್ಳಿದ್ದಳು.

ಹಸಿ ಕಸ ಕತ್ತರಿಸಿ ಗೊಬ್ಬರಕ್ಕೆ ಹದ ಮಾಡುವ ಆ ಯಂತ್ರವನ್ನು ಆರಿಸಿದ್ದು ಅವಳೇ. ಮಾಡಿಕೊಟ್ಟವರು ಕುಂತೂರಿನ ಮಲ್ಲಿಕಾರ್ಜುನಸ್ವಾಮಿ. ಲೇತ್ ಅಂಗಡಿ ಇಟ್ಟುಕೊಂಡು ಕಬ್ಬಿನ ಟ್ರೈಲರುಗಳನ್ನು ರಿಪೇರಿ ಮಾಡುತ್ತಿದ್ದ ಮನುಷ್ಯ. ಯಂತ್ರ ಒಂದು ತಿಂಗಳು ಚೆನ್ನಾಗಿ ಓಡಿತು, ಎರಡನೇ ತಿಂಗಳು ಮುಲುಕಾಡಿತು, ನಾಲ್ಕನೆಯದಕ್ಕೆ ಪೂರ್ತಿ ಕೈಕೊಟ್ಟಿತು. ಪ್ರತಿ ಸಲವೂ ಅಲಗಿನ ಸುತ್ತ ಪ್ಲಾಸ್ಟಿಕ್ ಸುತ್ತಿಕೊಂಡಿರುತ್ತಿತ್ತು. ಯಶೋದ ಮನೆಮನೆಗೆ ಜನ ಕಳಿಸಿ, ಹಸಿ ಒಣ ಬೇರೆ ಮಾಡುತ್ತೀರಾ ಎಂದು ಕೇಳಿಸಿದಳು. ಎಲ್ಲರೂ ‘ಊಂ’ ಎಂದರು. ಹಾಗಿದ್ದ ಮೇಲೆ ಎಲ್ಲೋ ಒಂದೆರಡು ಕವರು ತಪ್ಪಿ ಬಂದರೂ ತಾಳದ ಯಂತ್ರವೇ ಕಳಪೆ ಎಂದು ವರದಿ ಬರೆದು ಕೈ ತೊಳೆದುಕೊಂಡಳು.

ಈಗ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಊರಿನ ಕಸವನ್ನು ಒಂದೇ ಕಡೆ ಸಂಸ್ಕರಿಸುವ ಹೊಸ ಯೋಜನೆ ಬಂದಿತ್ತು. ಟೆಂಡರಿನ ಕಾಗದಪತ್ರ ಸರಿಯಿದ್ದವರು ಇಬ್ಬರೇ. ಒಂದು ದೂರದ ದೊಡ್ಡ ಕಂಪನಿ, ಇನ್ನೊಬ್ಬರು ಅದೇ ಮಲ್ಲಿಕಾರ್ಜುನಸ್ವಾಮಿ. ನೂರಕ್ಕೆ ಎಪ್ಪತ್ತು ಅಂಕ ಬಂದವರ ದರದ ಲಕೋಟೆ ಮಾತ್ರ ತೆರೆಯಬೇಕು. ಅದರಲ್ಲಿ ಹಿಂದಿನ ಕೆಲಸಕ್ಕೆ ಇಪ್ಪತ್ತು ಅಂಕ. ಅದನ್ನು ಹಾಕಬೇಕಾದವಳು ಯಶೋದ. ಸ್ವಾಮಿಯವರಿಗೆ ಉಳಿದ ಎಂಬತ್ತರಲ್ಲಿ ಅರವತ್ತೆರಡು ಬಂದಿತ್ತು.

“ಕಳಪೆ ಅಂತ ನೀವೇ ಬರೆದಿದ್ದೀರಲ್ಲಮ್ಮ, ಒಂದು ಸೊನ್ನೆ ಹಾಕಿ ಮುಗಿಸಿ,” ಎಂದರು ಟೆಂಡರ್ ಸಮಿತಿಯ ಹಿರಿಯ ಇಂಜಿನಿಯರ್ ಕೆಂಪನಂಜಪ್ಪ.

ಯಶೋದಳಿಗೂ ಅದೇ ಬೇಕಿತ್ತು. ಒಮ್ಮೆ ಮುಗ್ಗರಿಸಿದ ಕಡೆ ಇನ್ನೊಮ್ಮೆ ಕಾಲಿಟ್ಟು ನಗೆಪಾಟಲಾಗಲು ಯಾರಿಗೆ ತಾನೇ ಇಷ್ಟ? ಸೊನ್ನೆ ಬರೆದರೆ ಹಳೆಯ ವರದಿಯೂ ನಿಲ್ಲುತ್ತದೆ, ಅವಳ ಮರ್ಯಾದೆಯೂ ನಿಲ್ಲುತ್ತದೆ. ಆದರೆ ಕಡತ ಮುಗಿಸಲು ಒಂದು ಲೆಕ್ಕ ಬಾಕಿ ಇತ್ತು. ಮನೆಗಳಿಂದ ಹಸಿ ಕಸ ಎಷ್ಟು ಬರುತ್ತದೆ, ಒಣ ಕಸ ಎಷ್ಟು ಎಂದು ತೂಗಿ ಬರೆಯಬೇಕಿತ್ತು. ಅದಕ್ಕಾಗಿ ಬೆಳಗ್ಗೆ ಆರಕ್ಕೆಲ್ಲ ಕಸದ ಆಟೋದಲ್ಲಿ ಗುರುಸಿದ್ದಮ್ಮನ ಪಕ್ಕ ಕೂತಳು. ಗುರುಸಿದ್ದಮ್ಮ ಇಪ್ಪತ್ತೆರಡು ವರ್ಷದಿಂದ ಅದೇ ಬೀದಿಗಳ ಕಸ ಎತ್ತಿದವಳು.

ಮೂರನೇ ಮನೆ ದೊಡ್ಡಬಸಮ್ಮನದು. ಎಂಬತ್ತರ ಅಜ್ಜಿ. ಬಚ್ಚಲ ಕಲ್ಲಿನ ಮೇಲೆ ಕೂತು ಹಾಲಿನ ಕವರನ್ನು ಒಳಹೊರಗು ಮಾಡಿ ತಿಕ್ಕಿ ತೊಳೆಯುತ್ತಿದ್ದಳು. ತೊಳೆದು, ನೀರು ಕೊಡವಿ, ಎದ್ದು ಬಂದು ಅದನ್ನು ಹಸಿರು ಡಬ್ಬಕ್ಕೆ ಹಾಕಿದಳು. ಒಣಗಿದ ಹೂವಿನ ಹಾರ, ಬಾಳೆಲೆ, ತೆಂಗಿನಕಾಯಿಯ ಜುಂಗು ನೀಲಿ ಡಬ್ಬಕ್ಕೆ ಹೋದವು.

“ಅಜ್ಜಿ, ಕವರು ನೀಲಿ ಡಬ್ಬಕ್ಕಲ್ವ?”

“ಯಾಕವ್ವ? ಅಸಿಯಾಗಿ ಅದಲ್ಲ!” ಅಜ್ಜಿ ಒದ್ದೆ ಕೈಯನ್ನೇ ಸಾಕ್ಷಿಗೆ ಹಿಡಿದಳು. “ತೊಳ್ದು ಕೊಡಿ ಅಂದ್ರಿ, ತೊಳ್ದಿವ್ನಿ. ಅಸಿ ಕಸ ಅಸುರು ಡಬ್ಬಕ್ಕೆ ಅಂತ ಗೋಡೆ ಮೇಲೇ ಬರ್ಸಿದ್ದೀರಿ. ಮೊಮ್ಮಗಳು ಓದಿ ಯೋಳವ್ಳೆ.”

ಯಶೋದ ಎದುರಿನ ಗೋಡೆ ನೋಡಿದಳು. ‘ಹಸಿ ಕಸ ಹಸಿರು ಡಬ್ಬಕ್ಕೆ, ಒಣ ಕಸ ನೀಲಿ ಡಬ್ಬಕ್ಕೆ. ಕವರುಗಳನ್ನು ತೊಳೆದು ಕೊಡಿ.’ ಅವಳೇ ಕೂತು ಬರೆದದ್ದು. ಹಸಿ, ಹಸಿರು ಎಂದು ಪ್ರಾಸ ಕೂಡಿದಾಗ ಎಷ್ಟು ಹಿಗ್ಗಿದ್ದಳು! ಊರಿನ ಗೋಡೆಗಳ ಮೇಲೆಲ್ಲ ಬರೆಸಿದ್ದಳು.

ಬೀದಿಯ ಕೊನೆಯಲ್ಲಿ ಆಟೋ ನಿಲ್ಲಿಸಿ, ತೂಗಲೆಂದು ಬೇರೆಬೇರೆ ಚೀಲದಲ್ಲಿ ತುಂಬಿದ್ದ ಹಸಿರು ಡಬ್ಬಗಳ ಕಸವನ್ನೆಲ್ಲ ತಾಡಪಾಲಿನ ಮೇಲೆ ಮನೆಗೊಂದು ಗುಡ್ಡೆಯಾಗಿ ಸುರಿಸಿದಳು. ಇಪ್ಪತ್ತು ಮನೆಯ ಕಸದಲ್ಲಿ ಹದಿನಾಲ್ಕು ಮನೆಯ ಕವರುಗಳು ಥಳಥಳ ಹೊಳೆಯುತ್ತಿದ್ದವು. ತೊಳೆಯದ ಸೋಮಾರಿಗಳ ಕಸ ಮಾತ್ರ ಸರಿಯಾಗಿತ್ತು. ಮಾತು ಕೇಳಿದವರೇ ಯಂತ್ರ ಕೆಡಿಸಿದ್ದರು.

“ಗುರುಸಿದ್ದಮ್ಮ, ಮಿಷಿನ್ನಿಗೂ ಹೀಗೇ ಹಾಕ್ತಿದ್ರಾ?”

“ಊಂ ಕಣ್ ಮೇಡಮ್ಮೋರೆ. ಅಸಿಯಾಗಿರೋದ್ನ ಅಸಿಗೇ ತಕ್ಕಳಿ ಅಂದ್ರಿ, ತಕ್ಕಂಡೊ. ತಿಪ್ಪೆ ಕಸ ಅಂದಿದ್ರೆ ಸಣ್ ಮಕ್ಳಿಗೂ ಗೊತ್ತಾಯ್ತಿತ್ತು. ತಿಪ್ಪೆಗೆ ಯಾರಾರ ಕವರ್ ಆಕ್ತಾರ?”

ಯಶೋದಳಿಗೆ ಮುಖವೆಲ್ಲ ಬಿಸಿಯಾಯಿತು. ನಾಚಿಕೆ ಅಂದರೆ ಅಂಥಿಂಥ ನಾಚಿಕೆಯಲ್ಲ. ಯಾರಿಗೂ ಹೇಳದೆ ಸುಮ್ಮನಿದ್ದುಬಿಡಲೇ ಎಂಬ ಯೋಚನೆಯೂ ಬಂತು. ಕಚೇರಿಯ ಮೆಟ್ಟಿಲು ಹತ್ತುವವರೆಗೆ ಅದು ಅವಳ ಜೊತೆಗೇ ಬಂತು.

ಮಧ್ಯಾಹ್ನದ ಸಭೆಯಲ್ಲಿ ಅಂಕದ ಹಾಳೆ ಮುಂದಿಟ್ಟಾಗ ಅವಳು ಸೊನ್ನೆ ಬರೆಯಲಿಲ್ಲ. ಒಂದು ಚೀಲ ಕವರು ತಂದಿದ್ದಳು, ಮೇಜಿನ ಮೇಲೆ ಸುರಿದಳು.

“ನನ್ನ ವರದಿ ತಪ್ಪು ಸಾರ್. ಯಂತ್ರ ಕಳಪೆ ಅಲ್ಲ, ನಾನು ಬರೆದ ಮಾತು ಕಳಪೆ,” ಎಂದು ನಡೆದದ್ದೆಲ್ಲ ಹೇಳಿದಳು.

ಕೆಂಪನಂಜಪ್ಪ ಒಂದು ಕವರನ್ನು ಎತ್ತಿ ಮೂಸಿ ನೋಡಿದರು. ಹಾಲಿನ ವಾಸನೆ ಸಹ ಇರಲಿಲ್ಲ. “ಇದನ್ನ ಬರೆದುಕೊಟ್ರೆ ನಿಮ್ಮ ಮೇಲೇ ಬರುತ್ತೆ ಕಣಮ್ಮ. ನೋಟಿಸು ಕೊಡ್ತಾರೆ.”

“ಕೊಡ್ಲಿ ಸಾರ್.”

ಬರೆದುಕೊಟ್ಟಳು. ಹಳೆಯ ಯಂತ್ರವನ್ನು ಸರಿಯಾದ ಕಸ ಹಾಕಿ ಒಂದು ವಾರ ಓಡಿಸಿ ನೋಡುವುದು, ಆಮೇಲೆ ಆ ಇಪ್ಪತ್ತು ಅಂಕ ಹಾಕುವುದು ಎಂದು ಸಮಿತಿ ತೀರ್ಮಾನಿಸಿತು. ದೊಡ್ಡ ಕಂಪನಿಯವರೂ ನೋಡಲು ಬರಬಹುದು ಎಂದು ಪತ್ರ ಹೋಯಿತು.

ಸೋಮವಾರ ಮಲ್ಲಿಕಾರ್ಜುನಸ್ವಾಮಿ ಸ್ಪ್ಯಾನರಿನ ಚೀಲ ಹೆಗಲಿಗೆ ಹಾಕಿಕೊಂಡು ಕಸದ ಅಂಗಳಕ್ಕೆ ಬಂದರು. ಮೂರು ವರ್ಷದಲ್ಲಿ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಯಶೋದ ಕುಳ್ಳಿರಿಸಿ ಎಲ್ಲವನ್ನೂ ಹೇಳಿ, “ನನ್ನಿಂದ ತಪ್ಪಾಯ್ತು ಸ್ವಾಮಿಯವರೇ,” ಎಂದಳು.

ಅವರು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಅವಳಿಗೆ. ತಮ್ಮ ಎರಡೂ ಅಂಗೈ ನೋಡಿಕೊಂಡರು.

“ಈ ಟೆಂಡರೂ ನಾನ್ ಆಕಿದ್ದಲ್ಲ ಮೇಡಂ, ನನ್ ಮಗಳು ಶೃತಿ ಹಟ ಇಡ್ದು ಆಕ್ಸುದ್ಲು,” ಎಂದರು. “ಆ ವರದಿ ಬಂದ್ ಮ್ಯಾಲೆ ಒಂದ್ ಅಲಗನೂ ನಾನ್ ಮಾಡ್ಲಿಲ್ಲ. ನನ್ ಕೈಯೇ ಓಯ್ತು ಅನ್ಕಂಡ್ಬುಟ್ಟಿದ್ದೆ.”

ಯಶೋದಳಿಗೆ ಅಳು ಬಂತು. ತಡೆಯಲಿಲ್ಲ. ಸ್ವಾಮಿ ಮುಖ ತಿರುಗಿಸಿಕೊಂಡು ಯಂತ್ರಕ್ಕೆ ಹಬ್ಬಿದ್ದ ಬಳ್ಳಿ ಕೀಳತೊಡಗಿದರು.

ಆ ವಾರ ಅವಳು ದಿನಾ ಬೆಳಗ್ಗೆ ಗುರುಸಿದ್ದಮ್ಮನ ಜೊತೆ ಮನೆಮನೆ ಸುತ್ತಿ ‘ತಿಪ್ಪೆ ಕಸ’ ಎಂದು ಕೇಳಿ ತೆಗೆದುಕೊಂಡಳು. ಯಂತ್ರ ಆರು ದಿನ ಒಂದೇ ಸಮ ಓಡಿತು. ಏಳನೇ ದಿನ ಬೆಲ್ಟ್ ಸಡಿಲವಾಯಿತು. ಸ್ವಾಮಿ ಅರ್ಧ ಗಂಟೆಯಲ್ಲಿ ಬಿಗಿಮಾಡಿದರು. ಅವಳು ಅದನ್ನೂ ಬರೆದು, ಇಪ್ಪತ್ತಕ್ಕೆ ಹದಿನೇಳು ಅಂಕ ಹಾಕಿ ಸಹಿ ಮಾಡಿದಳು. ಎಪ್ಪತ್ತು ದಾಟಿತು. ಇನ್ನು ಇಬ್ಬರ ದರವನ್ನೂ ತೆರೆಯುತ್ತಾರೆ. ಅದರಲ್ಲಿ ಯಾರು ಗೆಲ್ಲುತ್ತಾರೋ ಅದು ಅವಳ ಕೈಯಲ್ಲಿಲ್ಲ.

ಅಂಗಳದ ಬಾಗಿಲಲ್ಲಿ ಗುರುಸಿದ್ದಮ್ಮ ಸೆರಗಿನ ಮರೆಯಲ್ಲಿ ನಗುತ್ತ ನಿಂತಿದ್ದಳು. “ಮೇಡಮ್ಮೋರೆ, ಓಡ್ತಾ ಅದಲ್ಲ, ಇನ್ಮೇಲೆ ಎದುರ್ಗೇ ಕರೀಬೋದ? ನಿಮ್ಮೆಸ್ರ ಇಟ್ಟಿದ್ದೊ ಇದ್ಕೆ.”

“ಗೊತ್ತು ಕಣಮ್ಮ. ಇದಕ್ಕೆ ಸ್ವಾಮಿಯವರ ಹೆಸರಿಡಿ,” ಎಂದಳು ಯಶೋದ. ಸುಣ್ಣದ ಬಕೆಟ್ಟು ಎತ್ತಿಕೊಂಡು, ‘ಹಸಿ ಕಸ ಹಸಿರು ಡಬ್ಬಕ್ಕೆ’ ಎಂದು ಬರೆಸಿದ್ದ ಗೋಡೆಯ ಕಡೆ ಹೊರಟಿದ್ದಳು. “ನನ್ನ ಹೆಸರಿನದ್ದು ಅಲ್ಲಿದೆ. ಅದನ್ನ ಅಳಿಸಬೇಕು, ಬಾ.”