ಮುರುಗೆಪ್ಪನ ಎಡೆ

ವಿಶಾಲನ ಬಾಯಿಗೆ ಬೀಗವಿಲ್ಲ. ಧಾರವಾಡದ ಕೋಚಿಂಗ್ ಸೆಂಟರಿನಲ್ಲಿ ಇತಿಹಾಸ ಹೇಳುವವನಿಗೆ ಇರಲೂಬಾರದು ಅನ್ನಿ. ಆದರೆ ಮಾನಮಿ ಅಮಾವಾಸ್ಯೆಯ ದಿನ, ಸತ್ತ ಹಿರಿಯರಿಗೆ ಎಡೆ ಹಿಡಿಯುವ ಗಡಿಬಿಡಿಯಲ್ಲಿ, ಶಿರಗುಪ್ಪಿಯ ಮನೆಯ ಅಡುಗೆಕೋಣೆಯ ಬಾಗಿಲಲ್ಲಿ ಕುಂತು ನಾಳಿನ ಪಾಠ ಒದರುವುದೇ?

"ಎರಡನೇ ಮಹಾಯುದ್ಧದಾಗ ಬ್ರಿಟಿಷ್ ಸೈನಿಕರು ಎಲ್ಲೆಲ್ಲಿ ಸತ್ರು? ಫ್ರಾನ್ಸ್, ಆಫ್ರಿಕಾ, ಇಟಲಿ, ಬರ್ಮಾ..."

"ಸತ್ತವ್ರನ್ನ ಎಣಿಸೂದು ಬಿಟ್ಟು ಬಂದು ಹೋಳಿಗಿ ಬೇಯ್ಸೋ, ಶಾಣ್ಯಾ!" ತಾಯಿ ರಜನಿ ಸೌಟು ತೋರಿಸಿದಳು.

ಅಜ್ಜಿ ಬಾಳವ್ವ ಮಾತ್ರ ಲಟ್ಟಿಸುವುದನ್ನು ನಿಲ್ಲಿಸಿದಳು. "ಇಟಲ್ಯಾಗ ಸತ್ತವ್ರಾಗ ನಮ್ಮಪ್ಪ ಅದಾನೇನೋ?"

ವಿಶಾಲ ತಬ್ಬಿಬ್ಬಾದ. ಮುತ್ತಜ್ಜ ಮುರುಗೆಪ್ಪ ಬ್ರಿಟಿಷರ ಪಡೆಯ ಲಾರಿ ಓಡಿಸಲು ಇಟಲಿಗೆ ಹೋದಾಗ ಬಾಳವ್ವ ಇನ್ನೂ ಹೊಟ್ಟೆಯಲ್ಲಿದ್ದಳು. ಅವನೂ ಬರಲಿಲ್ಲ, ಸತ್ತ ಸುದ್ದಿಯೂ ಬರಲಿಲ್ಲ. ಒಬ್ಬಳೇ ಮಗಳೆಂದು ಬಾಳವ್ವ ಗಂಡನನ್ನೂ ಈ ಮನೆಗೇ ಕರೆತಂದುಕೊಂಡು ಇಲ್ಲೇ ಉಳಿದಳು. "ಸುದ್ದಿ ಬರೂತನಕ ಅವರಿಗೆ ಎಡಿ ಇಡಬ್ಯಾಡ್ರಿ, ಜ್ವಾಕಿ!" ಎಂದ ಅವಳ ತಾಯಿ ಕಡೆತನಕ ಕುಂಕುಮ ಅಳಿಸಲಿಲ್ಲ. ಹೀಗಾಗಿ ಎಲ್ಲ ಹಿರಿಯರಿಗೂ ಎಡೆ, ಮುರುಗೆಪ್ಪನಿಗೆ ಮಾತ್ರ ಇಲ್ಲ.

"ಆಯಿ, ನಾ ಹೇಳಾಕತ್ತಿದ್ದು ಬ್ರಿಟನ್ನಿನವ್ರ ಲೆಕ್ಕ. ನಮ್ಮವ್ರು ಅದರಾಗ ಬರೂದಿಲ್ಲ."

"ಯಾಕ ಬರೂದಿಲ್ಲ? ಯುದ್ಧ ಅವ್ರದು, ಲಾರಿ ಅವ್ರದು. ಸತ್ತ ಮ್ಯಾಲೆ ಅಷ್ಟ ನಮ್ಮಾಂವ ಆದನೇನು?"

ಊರಿಗೆಲ್ಲ ಪಾಠ ಹೇಳುವವನಿಗೆ ನಾಚಿಕೆಯಾಯಿತು. ಮೊಬೈಲಿನಲ್ಲಿ ಹುಡುಕಿದ, ಮುರುಗೆಪ್ಪ ಎಲ್ಲೂ ಸಿಗಲಿಲ್ಲ.

"ಈ ವರ್ಷರ ಇಡಬೇಕಂತ ಆಸೆ ಇತ್ತೋ." ಬಾಳವ್ವನ ಕಣ್ಣು ತುಂಬಿದವು. "ನನಗೂ ಎಂಬತ್ತು ದಾಟ್ಯಾವು. ನಾ ಹೋದ ಮ್ಯಾಲೆ ಅಂವಗ ಯಾರು ಇಡ್ತಾರ? ಆದ್ರ ಅವ್ವನ ಮಾತು ಹೆಂಗ ಮೀರ್ಲಿ?"

"ಇಡ್ರಿ ಅತ್ತಿ," ಎಂದಳು ರಜನಿ. "ನೂರು ದಾಟಿರ್ತಾರ, ಇನ್ನೆಲ್ಲಿ ಬರ್ತಾರ?"

ಬಾಳವ್ವ ಮತ್ತೆ ಲಟ್ಟಣಿಗೆ ಹಿಡಿದಳು. ಪೂಜೆಯಾಯಿತು, ಹಿರಿಯರ ಫೋಟೋಗಳ ಮುಂದೆ ಎಡೆ ಹಿಡಿದದ್ದೂ ಆಯಿತು. ಮನೆಯವರು ಊಟಕ್ಕೆ ಕುಂತಾಗ ಆಕೆ ತನ್ನ ಮಗ್ಗುಲಿಗೆ ಇನ್ನೊಂದು ಮಣೆಯಿಟ್ಟು, ಎಲೆ ಹಾಸಿ, ಹೋಳಿಗೆ ಬಡಿಸಿ, ಧಾರಾಳವಾಗಿ ತುಪ್ಪ ಸುರಿದಳು.

"ಆಯಿ, ಎಡಿ ಫೋಟೋದ ಮುಂದ ಇಡಬೇಕಲ್ಲ?" ಎಂದ ವಿಶಾಲ.

"ಎಡಿ ಅಲ್ಲೋ ಹುಚ್ಚಪ್ಪ, ಊಟ! ಅವ್ವ ಎಡಿ ಇಡಬ್ಯಾಡ ಅಂದಿದ್ಲು. ಉಣ್ಣಾಕ ಹಾಕಬ್ಯಾಡ ಅಂದಿದ್ದಿಲ್ಲ."

ಆಮೇಲೆ ಆ ಮುದುಕಿ ಖಾಲಿ ಮಣೆಯತ್ತ ತಿರುಗಿ, ಸಣ್ಣ ಹುಡುಗಿಯ ಹಾಗೆ ನಾಚಿಕೊಂಡಳು.

"ಉಣ್ಣು, ಯಪ್ಪಾ. ನಾ ಹುಟ್ಟಿದಾಗಿಂದ ನಿನ್ನ ಜೋಡಿ ಒಮ್ಮಿನೂ ಉಂಡಿಲ್ಲ."