ನಮ್ಮ ಹಿತ್ತಲಲ್ಲಿ ಬಿದ್ದ ಕೋತಿ

ಭಾನುವಾರ ಬೆಳಗ್ಗೆ ಕರಿಬೇವು ಕೀಳಲು ಹಿತ್ತಲಿಗೆ ಹೋದ ಅಮ್ಮ ಕೂಗಿದ ರೀತಿಗೆ, ಅಪ್ಪ ಬಂದನೇನೋ ಅಂದುಕೊಂಡು ನಾನು ಬಾಯಲ್ಲಿದ್ದ ಬ್ರಶ್ ಸಮೇತ ಓಡಿದೆ. ನಮ್ಮ ಮನೆಯಲ್ಲಿ ಯಾರು ಜೋರಾಗಿ ಕೂಗಿದರೂ ನನಗೆ ಮೊದಲು ಹೊಳೆಯುವುದು ಅದೇ. ಹೋಗಿ ನೋಡಿದರೆ ಸೀಬೆಗಿಡದ ಬುಡದಲ್ಲಿ ಒಂದು ಕೋತಿ ಸತ್ತು ಬಿದ್ದಿತ್ತು.

ಮೇಲಿನ ವೈರು ಹಿಡಿದು ಕರೆಂಟ್ ಹೊಡೆಸಿಕೊಂಡಿತ್ತು. ಅಂಗೈ ಸುಟ್ಟು ಕರ್ರಗಾಗಿತ್ತು. ವಯಸ್ಸಾದ ಗಂಡು, ಗಲ್ಲದ ಮೇಲೆಲ್ಲ ನರೆಗೂದಲು. ಸುತ್ತಮುತ್ತ ಗುಂಪಿನ ಸುಳಿವಿಲ್ಲ. ಒಂಟಿಯಾಗಿ ಎಲ್ಲಿಂದ ಬಂತೋ, ಅಟ್ಟೂರಿನಲ್ಲಿ ಇಷ್ಟೊಂದು ಮನೆ ಇರುವಾಗ ನಮ್ಮ ಹಿತ್ತಲನ್ನೇ ಹುಡುಕಿಕೊಂಡು ಬಂದಿತ್ತು.

“ಯಾವ ಮನೇದೋ ಪಾಪ,” ಎಂದಳು ಅಮ್ಮ.

“ಕೋತಿಗೆ ಯಾವ ಮನೆ ಅಮ್ಮಾ? ಗೋಣಿಚೀಲಕ್ಕೆ ಹಾಕಿ ಕಸದ ಗಾಡಿಗೆ ಕೊಟ್ಬಿಡೋಣ.”

“ಕಸಾನೇನೋ ಅದು?” ಅಮ್ಮ ತಿರುಗಿ ನಿಂತಳು. “ನಮ್ಮನೆ ನೆಳ್ಳಿಗೆ ಬಂದು ಪ್ರಾಣ ಬಿಟ್ಟದೆ. ಇಂಗೆ ಚೀಲಕ್ಕೆ ತುಂಬಿ ಕಳಿಸ್ತೀಯಾ? ಯಾರೂ ದಿಕ್ಕಿಲ್ದೋರಿಗೆ ಮಾಡ್ದಂಗೆ?”

ಆ ಕೊನೆಯ ಮಾತು ಎಲ್ಲಿಂದ ಬಂತೆಂದು ನನಗೆ ಗೊತ್ತು. ಹೋಗಿ ಮುಖ ತೊಳೆದೆ.

ನಮ್ಮಪ್ಪ ಚಿಕ್ಕಹನುಮಯ್ಯ, ನನಗಿನ್ನೂ ಮದುವೆಯಾಗದ ಕಾಲದಲ್ಲಿ ಒಂದು ದಿನ, ರಾಜಾನುಕುಂಟೆಯಲ್ಲಿ ಹಸುವೊಂದನ್ನು ನೋಡಿ ಬರುತ್ತೇನೆಂದು ಹೊರಟ. “ಮಧ್ಯಾಹ್ನಕ್ಕೆ ಬಂದ್ಬುಡ್ತೀನಿ, ಮುದ್ದೆಗೆ ಎಸರಿಡು,” ಎಂದು ಬಾಗಿಲಲ್ಲಿ ಹೇಳಿ ಚಪ್ಪಲಿ ಮೆಟ್ಟಿದ. ಹಸುವಿನವರ ಮನೆಗೆ ಹೋಗಲೇ ಇಲ್ಲ. ಪೊಲೀಸ್ ಕಂಪ್ಲೇಂಟ್ ಆಯಿತು, ಪೇಪರಿಗೆ ಹಾಕಿಸಿದ್ದಾಯಿತು, ಆಸ್ಪತ್ರೆಗಳ ಹೆಣದ ಕೋಣೆಗಳಲ್ಲಿ ಮೂಗು ಮುಚ್ಚಿಕೊಂಡು ಹುಡುಕಿದ್ದಾಯಿತು. ಧರ್ಮಸ್ಥಳದಲ್ಲಿ ಕಂಡರಂತೆ ಎಂದರೆ ಅಲ್ಲಿಗೆ ಓಡಿದೆ, ಶಿರಡಿ ಎಂದರೆ ಶಿರಡಿಗೆ. ನೆಂಟರು, “ಹುಲ್ಲಿನ ಬೊಂಬೆ ಮಾಡಿ ಕರ್ಮ ಮುಗಿಸಿಬಿಡಿ,” ಎಂದರು. ಅಮ್ಮ ಅವರಿಗೆ ಕಾಫಿ ಕೊಟ್ಟು ಕಳಿಸಿದಳು. ಇವತ್ತಿಗೂ ಹಣೆಯ ತುಂಬ ಕುಂಕುಮ ಇಡುತ್ತಾಳೆ. ಪ್ರತಿ ಯುಗಾದಿಗೂ ಅಪ್ಪನಿಗೊಂದು ಹೊಸ ಪಂಚೆ ತಂದು ಟ್ರಂಕಿನಲ್ಲಿಡುತ್ತಾಳೆ.

ನನ್ನ ಪಾಲಿಗೆ ಬಂದಿದ್ದು ಮೀಸೆ. ನಮ್ಮ ಕಡೆ ಅಪ್ಪ ಇರುವವನು ಮೀಸೆ ಬೋಳಿಸುವಂತಿಲ್ಲ. ಅಪ್ಪ ಸತ್ತ ದಿನ ಮಗ ತಲೆ, ಮೀಸೆ ಎರಡನ್ನೂ ಕೊಟ್ಟು, ಬೆಂಕಿ ಮಡಕೆ ಹಿಡಿದು ಹೆಣದ ಮುಂದೆ ನಡೆಯಬೇಕು. ನನ್ನದೋ ಮಳೆ ಕೈಕೊಟ್ಟ ರಾಗಿಹೊಲದಂಥ ಮೀಸೆ. ಮದುವೆಯಾದ ಹೊಸದರಲ್ಲಿ ಸರಳಾ, “ಇದನ್ನಿಟ್ಕೊಂಡು ಯಾವ ಸೀಮೆ ಉದ್ಧಾರ ಮಾಡ್ಬೇಕು?” ಎಂದಿದ್ದಳು. ವಿಷಯ ಗೊತ್ತಾದ ಮೇಲೆ ಮತ್ತೆ ಕೇಳಿಲ್ಲ. ನಾನು ಕಟಿಂಗ್ ಶಾಪಿನಿಂದ ಬಂದಾಗಲೆಲ್ಲ ಅಮ್ಮ ಮೊದಲು ನನ್ನ ಮೂಗಿನ ಕೆಳಗೆ ನೋಡಿ, ಆಮೇಲೆ ಮಾತಾಡಿಸುತ್ತಾಳೆ.

ಸರಳಾ ಅರಣ್ಯ ಇಲಾಖೆಗೆ ಫೋನ್ ಮಾಡಿದಳು. ಸುನೀಲ್ ಎಂಬ ಗಾರ್ಡ್ ಬೈಕಿನಲ್ಲಿ ಬಂದ. ವೈರು ಕೆಳಗೆ ಜೋತಿಲ್ಲವೆಂದು ನೋಡಿಕೊಂಡ ಮೇಲೆಯೇ ಗಿಡದ ಹತ್ತಿರ ಹೋದ.

“ಯಾರೂ ಬರಿಗೈಲಿ ಮುಟ್ಬೇಡಿ ಸಾರ್. ಕೋತಿಗಿರೋ ಕಾಯಿಲೆ ನಮಗೂ ಅಂಟ್ಕೊಳ್ಳುತ್ತೆ. ಬೀದಿನಾಯಿ ಒಳಗೆ ಬರದಂಗೆ ಗೇಟ್ ಹಾಕಿ,” ಎಂದ. ಫೋಟೋ ತೆಗೆದು ಸಾಹೇಬರ ಜೊತೆ ಮಾತಾಡಿದ. ಕರೆಂಟ್ ಹೊಡೆದೇ ಸತ್ತಿರುವುದರಿಂದ ಇಲ್ಲೇ ಹೂಳಬಹುದು ಎಂದಾಯಿತು. ಗುಂಡಿ ಸಂಪಿನಿಂದ ದೂರ ಇರಬೇಕು, ಎದೆಮಟ್ಟ ಆಳ ಇರಬೇಕು, ಕೆಳಗೆ ಸುಣ್ಣ, ಮೇಲೆ ಸುಣ್ಣ, ನಾಯಿ ಕೆದಕದಂತೆ ಅದರ ಮೇಲೆ ಕಲ್ಲು. ಪೈಂಟ್ ಅಂಗಡಿ ಇಟ್ಟುಕೊಂಡವನಿಗೆ ಸುಣ್ಣಕ್ಕೇನು ಬರ? ಸ್ಕೂಟರಿನಲ್ಲಿ ಎರಡು ಮೂಟೆ ಸುಣ್ಣ, ಬ್ಲೀಚಿಂಗ್ ಪೌಡರ್, ಗ್ಲೌಸು ಎಲ್ಲ ತಂದು ಹಾಕಿದೆ. ಗುಂಡಿಯನ್ನು ನಾನೂ ಸುನೀಲನೂ ಸರದಿಯ ಮೇಲೆ ತೋಡಿದೆವು.

ಅಷ್ಟರಲ್ಲಿ ಹಳೇ ಊರಿನ ಬೀದಿಯಿಂದ ಮುನಿಆಂಜಿನಪ್ಪ ಬಂದರು. ಮದುವೆಗೆ ಕರೆದರೂ ತಡವಾಗಿ ಬರುವ ಈ ಹಿರಿಯರು ಸಾವಿಗೆ ಮಾತ್ರ ಕರೆಯದೆ ಬರುತ್ತಾರೆ, ಬಂದು ಯಜಮಾನಿಕೆ ವಹಿಸಿಕೊಳ್ಳುತ್ತಾರೆ.

“ಆಂಜನೇಯಸ್ವಾಮಿ ಕಣಪ್ಪ. ಅರಿಶಿನದ ನೀರು ಉಯ್ದು, ಕೂರ್ಸಿ, ಆರ ಆಕಿ, ಮನುಸ್ರಿಗೆ ಮಾಡ್ದಂಗೇ ಮಾಡ್ಬೇಕು,” ಎಂದರು.

“ಮುಟ್ಟೋ ಹಂಗಿಲ್ಲ ತಾತ,” ಎಂದ ಸುನೀಲ್.

“ಮುಟ್ದೆ ಎಂಗಯ್ಯಾ ಮಣ್ಣು ಮಾಡಾದು?”

ಇಬ್ಬರ ಜಗಳ ಬಿಡಿಸಿದವಳು ಅಮ್ಮ. ಮಾವಿನ ಕೊಂಬೆಯಿಂದ ಅರಿಶಿನದ ನೀರನ್ನು ದೂರದಿಂದಲೇ ಚಿಮುಕಿಸಿದಳು. ಹಾರವನ್ನು ದೋಟಿಯ ತುದಿಯಲ್ಲಿ ಇಳಿಸಿದಳು. ನಾಮ ಇಡಲು ಮಾತ್ರ ಗ್ಲೌಸು ಹಾಕಿಕೊಂಡಳು. ಅದು ದೊಡ್ಡದಾಗಿ ಬೆರಳ ತುದಿಗಳು ಸೊಟ್ಟಗೆ ಜೋತಾಡಿದವು. ಸರಳಾ ನಗಲು ಹೋಗಿ, ಅತ್ತೆಯ ಮುಖ ನೋಡಿ ದೋಟಿಯನ್ನು ಗೋಡೆಗೆ ಒರಗಿಸಿದಳು. ಆಮೇಲೆ ಅಮ್ಮ ಒಳಗೆ ಹೋಗಿ ಮಡಿಕೆ ಬಿಚ್ಚದ ಪಂಚೆ ತಂದಳು.

“ಅದು ಅಪ್ಪಂದಲ್ವಾ?” ಎಂದೆ.

“ಇನ್ನೂ ಅವೆ ತಗೋ,” ಎಂದಳು.

ಸುನೀಲ್ ಕೋತಿಯನ್ನು ಪಂಚೆಯಲ್ಲಿ ಸುತ್ತಿ ಹಲಗೆಯ ಮೇಲೆ ಮಲಗಿಸಿದ. ಮುನಿಆಂಜಿನಪ್ಪ ಮಡಕೆಗೆ ಕೆಂಡ ತುಂಬಿ, ಮನೆಗೊಂದು ಸುತ್ತು ಬಂದು ಗುಂಡಿಗೆ ಹೋಗೋಣ ಎಂದರು. “ಮಡಕೆ ಯಾರು ಇಡ್ಕಂತೀರಾ? ಅಪ್ಪ ಇಲ್ದೋರು ಇಡೀಬೇಕು.” ಸುನೀಲ್, “ನಮ್ಮಪ್ಪ ಇದಾರೆ ತಾತ,” ಎಂದ. ಮುನಿಆಂಜಿನಪ್ಪ ತಟ್ಟನೆ ನನ್ನ ಕಡೆ ತಿರುಗಿ, “ಬಾಲರಾಜು, ನೀನೇ ಬಾರಪ್ಪ. ನಿಂಗೆಂಗೂ ಅಪ್ಪ ಇಲ್ಲ,” ಎಂದುಬಿಟ್ಟರು.

ಮಾತು ಆಡಿದರೆ ಹೋಯಿತು. ಮುದುಕರು ನಾಲಗೆ ಕಚ್ಚಿಕೊಂಡರು. ಯಾರೂ ಅಮ್ಮನ ಕಡೆ ನೋಡಲಿಲ್ಲ.

ನಿಜ ಹೇಳುತ್ತೇನೆ, ನನಗೆ ಆ ಮಡಕೆ ಬೇಕಿತ್ತು. ಇಷ್ಟು ವರ್ಷ ಬಾಗಿಲ ಸದ್ದಿಗೆ ಎದ್ದು ಕೂತು ಸಾಕಾಗಿತ್ತು. ಕೋತಿಯ ನೆಪದಲ್ಲಾದರೂ ಒಮ್ಮೆ ಮುಂದೆ ನಡೆದು, ಮೊದಲ ಹಿಡಿ ಮಣ್ಣು ಹಾಕಿ, ಅಪ್ಪಾ ಎಂದು ಬಾಯಿಬಿಟ್ಟು ಅತ್ತುಬಿಡಬೇಕು ಅನ್ನಿಸಿತು. ನನ್ನ ಕೈ ಮುಂದಕ್ಕೆ ಹೋಗಿಯೂ ಇತ್ತು.

“ಅವ್ನಪ್ಪ ಅವ್ರೆ,” ಎಂದಳು ಅಮ್ಮ. ದನಿ ಏರಿಸಲಿಲ್ಲ. “ನೀನೇ ಇಡ್ಕಣಣ್ಣ.”

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅಮ್ಮನ ಮೇಲೋ, ಅಪ್ಪನ ಮೇಲೋ ಗೊತ್ತಾಗಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡೆ. ಮುನಿಆಂಜಿನಪ್ಪ ಮಡಕೆ ಹಿಡಿದು ನಡೆದರು, ಗುಂಡಿಗೆ ಮೊದಲ ಮಣ್ಣೂ ಅವರೇ ಹಾಕಿದರು. ನಾನು ಸುಣ್ಣ ಸುರಿದೆ, ಮಣ್ಣು ಎಳೆದೆ, ಕಲ್ಲು ಹೊತ್ತು ಹಾಕಿದೆ. ಕೋತಿ ಬಿದ್ದಿದ್ದ ಜಾಗಕ್ಕೆ ಸುನೀಲ್ ಬ್ಲೀಚಿಂಗ್ ಪೌಡರ್ ಹಾಕಿ, ಗ್ಲೌಸುಗಳನ್ನೆಲ್ಲ ಕವರಿಗೆ ಕಟ್ಟಿಕೊಂಡು ಹೋದ.

ಎಲ್ಲರೂ ತಲೆಗೆ ನೀರು ಹಾಕಿಕೊಂಡೆವು. ಒದ್ದೆಕೂದಲು ಬಿಟ್ಟುಕೊಂಡು ಅಮ್ಮ ಹಿತ್ತಲ ಒಗೆಯುವ ಕಲ್ಲಿನ ಮೇಲೆ ಕೂತಿದ್ದಳು. ಸ್ನಾನಕ್ಕೆ ಕುಂಕುಮ ತೊಳೆದುಹೋಗಿತ್ತು, ಇನ್ನೂ ಇಟ್ಟುಕೊಂಡಿರಲಿಲ್ಲ. ಆ ಬೋಳು ಹಣೆ ನೋಡಿ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಹೋಗಿ ಪಕ್ಕದಲ್ಲಿ ಕೂತೆ.

“ಅದು ಎಲ್ಲಿಂದ ಬಂತು ಅಂತ ನಮಗೇನಾನ ಗೊತ್ತಿತ್ತೇನೋ?” ಎಂದಳು.

“ಇಲ್ಲಮ್ಮ.”

“ಗೊತ್ತಿಲ್ದಿದ್ರೂ ಮಾಡುದ್ವಲ್ಲ.”

“ಹೂಂ.”

ಅಮ್ಮ ಕಲ್ಲುಗಳ ಕಡೆಯೇ ನೋಡುತ್ತಿದ್ದಳು. “ಅಂಗೇಯ... ನಿಮ್ಮಪ್ಪ ಎಲ್ಲಾನ, ಯಾರ್ದಾನ ಇತ್ಲಲ್ಲಿ ಇಂಗೇ ಬಿದ್ದೋಗಿದ್ರೆ... ಅವ್ರೂ ಮಾಡಿರ್ತಾರೆ, ಅಲ್ವೇನೋ?”

ಅಪ್ಪನ ವಿಷಯದಲ್ಲಿ ಅಮ್ಮನ ಬಾಯಿಂದ ಇಂಥ ಮಾತು ನಾನು ಕೇಳಿದ್ದು ಅದೇ ಮೊದಲು.

“ಮಾಡಿರ್ತಾರೆ ಅಮ್ಮಾ.”

“ಚೀಲಕ್ಕೆ ತುಂಬಿರಲ್ಲ?”

“ಇಲ್ಲ. ಹೊಸ ಪಂಚೆ ಹೊದಿಸಿರ್ತಾರೆ. ಯಾರಾದ್ರೂ ಹಿರಿಯರು ಮಡಕೆ ಹಿಡ್ಕೊಂಡು ಮುಂದೆ ಹೋಗಿರ್ತಾರೆ.” ನನಗೆ ಮಡಕೆ ಹಿಡಿಯದೆಯೇ ಅಳು ಬಂದುಬಿಟ್ಟಿತು.

ಅಮ್ಮ ಸೆರಗಿನಿಂದ ನನ್ನ ಕಣ್ಣು, ಕೆನ್ನೆ, ಮೂಗು ಎಲ್ಲ ಒರೆಸಿದಳು. ಆಮೇಲೆ ಹೆಬ್ಬೆರಳಿನಿಂದ ಮೀಸೆಯನ್ನು ಎಡಕ್ಕೂ ಬಲಕ್ಕೂ ತೀಡಿ ಸರಿಮಾಡಿದಳು.

“ಇದ್ನ ಮಾತ್ರ ತೆಗೀಬೇಡ ಕಣಪ್ಪ,” ಎಂದಳು. “ಬಂದ್ರೆ ನೊಂದ್ಕಂತಾರೆ.”