ಗದ್ದ ಎತ್ತಿದರೆ ಇಲ್ಲ

ಗದ್ದ ಮೇಲೆತ್ತಿ ಒಮ್ಮೆ ಲೊಚಗುಟ್ಟಿದರೆ ನಮ್ಮ ಗ್ರೀಸಿನಲ್ಲಿ ‘ಇಲ್ಲ’ ಎಂದರ್ಥ. ನಮ್ಮೂರು ವೋಲೋಸ್‌ನಲ್ಲೆಲ್ಲ ಅದನ್ನು ಬೇಕರಿಯ ಲೆಮೊನಿಯಾ ಅತ್ತೆಯಷ್ಟು ಚೆನ್ನಾಗಿ ಮಾಡುವವರಿರಲಿಲ್ಲ. ನಿನ್ನೆಯ ಬ್ರೆಡ್ಡನ್ನು ಅರ್ಧ ಬೆಲೆಗೆ ಕೇಳಿದವರಿಗೂ, ಮತ್ತೆ ಮದುವೆಯಾಗು ಎಂದ ಪಾದ್ರಿಗೂ ಅದೇ ಉತ್ತರ. ಅವಳ ಬ್ರೆಡ್ಡು ತಿಂದೇ ನಾನು ಡಾಕ್ಟರಾದವಳು.

ಅಕ್ಟೋಬರಿನಲ್ಲಿ ಅವಳ ತಮ್ಮ ಫಾನಿಸ್ ಅವಳನ್ನು ನನ್ನ ಬಳಿ ಕರೆತಂದ.

“ಡಾಕ್ಟ್ರಮ್ಮಾ, ಅಕ್ಕಂಗೆ ವಯಸ್ಸಾಯ್ತು, ಅಷ್ಟೆ. ಮೆಟ್ಲು ಹತ್ತಲ್ಲ, ತಲೆ ಬಾಚ್ಕೊಳ್ಳಲ್ಲ. ಬೇಕರಿ ನಂಗೆ ಬಿಟ್ಬಿಡು ಅಂದೆ, ಒಪ್ಕೊಂಡ್ಳು. ಈಸ್ಟರ್‌ಗೆ ಪತ್ರ ಮಾಡ್ಸಿ, ಆಮೇಲೆ ಅಲ್ಲಿ ಕಾಫಿ ಅಂಗಡಿ ಇಡ್ತೀನಿ.”

“ನಾನ್ಯಾವಾಗ ಒಪ್ಕೊಂಡ್ನೋ? ಬೇಡ ಅಂತ ಮೂರ್ಸಲ ಹೇಳ್ಲಿಲ್ವಾ?”

“ಬಾಯಲ್ಲಿ ಹೇಳ್ದೆ. ಗದ್ದ ಎತ್ತಿದ್ಯಾ? ನಿಜವಾಗ್ಲೂ ಬೇಡ ಅಂದ್ರೆ ಎತ್ತದೆ ಇರ್ತಿದ್ಯಾ?”

ನನ್ನ ಕಿವಿ ನೆಟ್ಟಗಾಯಿತು.

“ಅತ್ತೆ, ನೋವಿದ್ಯಾ?”

“ಇಲ್ಲ.”

ಈಗಲೂ ಬಾಯಲ್ಲೇ. ತಲೆ ಎದೆಯತ್ತ ಬಾಗಿಯೇ ಇತ್ತು. ಮಲಗಿಸಿ ತಲೆ ಎತ್ತು ಎಂದರೆ ದಿಂಬು ಬಿಡಲಿಲ್ಲ. ಕೈ ಊರದೆ ಕುರ್ಚಿಯಿಂದ ಏಳಲಾಗಲಿಲ್ಲ. ಆದರೆ ನನ್ನ ಬೆರಳು ಹಿಂಡಿದ್ದು ಮಾತ್ರ ಹಿಟ್ಟು ನಾದುವ ಹಳೆಯ ಹಿಡಿತವೇ. ಕುತ್ತಿಗೆ, ಭುಜ, ತೊಡೆ ಸೋತು ಬೆರಳು ಗಟ್ಟಿ. ವಯಸ್ಸು ಹೀಗೆ ಆರಿಸಿ ಆರಿಸಿ ಹೊಡೆಯುವುದಿಲ್ಲ. ಇದು ಏನೆಂದು ನನಗೆ ಆಗಲೇ ಗೊತ್ತಾಗಿತ್ತು. ರಕ್ತಪರೀಕ್ಷೆಯೂ ತೊಡೆಯಿಂದ ತೆಗೆದ ಸ್ನಾಯುವಿನ ಚೂರೂ ಅದನ್ನೇ ಹೇಳಿದವು.

“ಅತ್ತೆ, ಇದು ಸ್ನಾಯುಗಳ ಉರಿಯೂತ. ಮೈ ಕಾಯ್ಬೇಕಾದ ಕಣಗಳೇ ಸ್ನಾಯು ತಿಂತಿವೆ. ಬೇಲಿನೇ ಎದ್ದು ಹೊಲ ಮೇಯ್ದಂಗೆ.”

“ನಮ್ಮ ಫಾನಿಸ್ ಥರ ಅನ್ನು.” ಆಮೇಲೆ ದನಿ ಇಳಿಸಿ, ನನ್ನ ಹೆಸರು ಹಿಡಿದು ಕೇಳಿದಳು, “ಅರೆತಿ, ಒಲೆಗೆ ತಟ್ಟೆ ಎತ್ತಿಡೋಕೆ ಮತ್ತೆ ಆಗುತ್ತೇನೇ?”

“ಎತ್ತಿಸ್ತೀನಿ.”

ಸ್ಟೀರಾಯ್ಡ್ ಶುರುಮಾಡಿದೆ. ಅದನ್ನು ನಿಧಾನವಾಗಿ ಇಳಿಸಲು ಅನುವಾಗುವಂತೆ ಜೊತೆಗೆ ಇನ್ನೊಂದು ಮಾತ್ರೆ. ಮುಖ ಊದಿಕೊಂಡಾಗ ಅತ್ತೆ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಮಾತ್ರೆ ಮಾತ್ರ ಬಿಡಲಿಲ್ಲ. ರಕ್ತದಲ್ಲಿ ಉರಿಯೂತದ ಅಂಶ ಇಳಿಯತೊಡಗಿದ ಮೇಲೆ ವ್ಯಾಯಾಮ. ಮೊದಲು ಬರಿಗೈ, ಆಮೇಲೆ ಒಂದು ಕಿಲೋ ಹಿಟ್ಟಿನ ಪೊಟ್ಟಣ, ಆಮೇಲೆ ಎರಡು. “ರೆಸ್ಟ್ ತಗೊಳ್ಳಲಿ” ಎಂದು ಬಂದ ನೆಂಟರನ್ನೆಲ್ಲ ನಾನೇ ಗದರಿಸಿ ಕಳಿಸಿದೆ.

ಈಸ್ಟರ್‌ಗೆ ಮುಂಚಿನ ಗುರುವಾರ ಬೇಕರಿಗೆ ಹೋದೆ. ಹೆಣೆದ ಸಿಹಿಬ್ರೆಡ್ಡಿನ ಘಮ ಬೀದಿಯ ತನಕ ಬರುತ್ತಿತ್ತು. ಫಾನಿಸ್ ಪತ್ರ ಹಿಡಿದು ಗಲ್ಲಾಪೆಟ್ಟಿಗೆಯ ಹತ್ತಿರ ನಿಂತಿದ್ದ.

“ಅಕ್ಕಾ, ಇಲ್ಲೊಂದು ಸಹಿ ಹಾಕ್ಬಿಡು.”

ಅತ್ತೆ ಕೈಯಲ್ಲಿದ್ದ ತಟ್ಟೆಯನ್ನು ಒಲೆಗೆ ತಳ್ಳಿ, ಕೈ ಒರೆಸಿಕೊಂಡು ತಮ್ಮನ ಕಡೆ ತಿರುಗಿದಳು. ಗದ್ದ ಸ್ವಲ್ಪ ನಡುಗುತ್ತ ಎದ್ದಿತು. ಅರ್ಧಕ್ಕೆ ನಿಂತಿತು. ಮತ್ತೆ ಎದ್ದಿತು, ಸೂರಿನವರೆಗೂ.

“ತ್ಚ್.”

ಫಾನಿಸ್ ಪತ್ರವನ್ನು ಮಡಚಿ ಜೇಬಿಗೆ ತುರುಕಿ, ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದ.

“ವಾಪಸ್ ಬಂದ್ಳು ನೋಡಿ ಡಾಕ್ಟ್ರಮ್ಮಾ, ನಮ್ಮಕ್ಕ!”